ಲಿಡಿಯಾರ್ಡ್ ಓದೋದಾದ್ರೆ ಪಾಸಿಂಗ್ ಪ್ಯಾಕೇಜ್ ಬೇಡ, ಟೆಕ್ಸ್ಟ್‌ಬುಕ್ ತಗೊಳ್ಳಿ

ಬೆಳಿಗ್ಗೆ ಐದೂವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಲ್ಲಿ ಬಸ್ಸಿಗೆ ಕಾದವರಿಗೆ ಗೊತ್ತಿರುತ್ತೆ, ರಸ್ತೆ ಬದಿಯಲ್ಲಿ ಓಡೋ ಹುಡುಗರಲ್ಲಿ ಹೆಚ್ಚಿನವರು ಮ್ಯಾರಥಾನ್‌ಗೆ ತಯಾರಾಗ್ತಿಲ್ಲ. ಅವರ ಕಣ್ಣಿರೋದು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆ ಮೇಲೆ, ಇಲ್ಲಾಂದ್ರೆ ಅಗ್ನಿವೀರ್ ರ‍್ಯಾಲಿ ಮೇಲೆ. ಕಾನ್‌ಸ್ಟೆಬಲ್ ಆಗೋಕೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಗ್ನಿವೀರ್‌ನಲ್ಲಿ 1.6 ಕಿ.ಮೀ.ಗೆ ಪೂರ್ತಿ ಅಂಕ ಬೇಕಂದ್ರೆ ಐದೂವರೆ ನಿಮಿಷ. ಊರಲ್ಲಿ ಸಿಗೋ ಸಲಹೆ ಒಂದೇ: ದಿನಾ 1600 ಓಡು, ದಿನಾ ಜೀವ ಬಿಟ್ಟು ಓಡು. ಮೂರನೇ ವಾರಕ್ಕೆ ಮೊಣಕಾಲ ಕೆಳಗಿನ ಮೂಳೆ ಹಿಡ್ಕೊಂಡು ಕೂರ್ತಾರೆ. ಒಂದು ನೇಮಕಾತಿ ತಪ್ಪಿದ್ರೆ ಮುಂದಿನದಕ್ಕೆ ಎಷ್ಟು ಕಾಯಬೇಕೋ, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತೋ ಏನೋ.

ಇದರಲ್ಲಿ ನಮಗೇನು ಕೆಲಸ ಅಂತ ಕೇಳಬೇಡಿ. ಇಂಗ್ಲಿಷ್ ಪುಸ್ತಕ ಓದೋ ಅಭ್ಯಾಸ ಇರೋರು ನಾವು. ಊರಿನ ತಮ್ಮನೋ ಪಕ್ಕದ ಮನೆ ಹುಡುಗನೋ 'ಅಣ್ಣಾ, ಯಾವ ಪುಸ್ತಕ ತಗೊಳ್ಳಲಿ?' ಅಂತ ಕೇಳೋದು ನಮ್ಮನ್ನೇ. ನನ್ನ ಉತ್ತರ: ಆರ್ಥರ್ ಲಿಡಿಯಾರ್ಡ್‌ದು ಒಂದು ತಗೊಳ್ಳಿ, ಒಂದೇ ಸಾಕು.

ಈತ ನ್ಯೂಜಿಲೆಂಡಿನವನು. ಚಪ್ಪಲಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾ, ಮನೆ ಮನೆಗೆ ಹಾಲು ಹಾಕ್ತಾ, ತನ್ನ ಮೈಮೇಲೇ ವರ್ಷಗಟ್ಟಲೆ ಪ್ರಯೋಗ ಮಾಡಿ ಒಂದು ವಿಧಾನ ಕಂಡುಕೊಂಡ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್, ಮರ್ರೆ ಹಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ದರು, ಅದೂ ಒಂದೇ ದಿನ. ಮ್ಯಾರಥಾನ್‌ನಲ್ಲಿ ಬ್ಯಾರಿ ಮ್ಯಾಗೀಗೆ ಕಂಚು. 800 ಮೀಟರ್ ಓಡೋ ಸ್ನೆಲ್‌ನನ್ನೂ ವಾರಕ್ಕೆ 160 ಕಿ.ಮೀ. ಓಡಿಸಿದ್ದ ಪುಣ್ಯಾತ್ಮ ಇವನು.

ಗಾರ್ತ್ ಗಿಲ್ಮೋರ್ ಜೊತೆ ಸೇರಿ ಬರೆದ ಮೊದಲ ಪುಸ್ತಕ 'ರನ್ ಟು ದಿ ಟಾಪ್' 1962ರದ್ದು. 1983ರಲ್ಲಿ 'ರನ್ನಿಂಗ್ ವಿತ್ ಲಿಡಿಯಾರ್ಡ್' ಬಂತು, ಆಮೇಲೆ 'ರನ್ನಿಂಗ್ ಟು ದಿ ಟಾಪ್'. ಹೆಸರು ನೋಡಿ ಮೂರೂ ಬೇರೆ ಬೇರೆ ಅಂತ ಕಾರ್ಟ್‌ಗೆ ಹಾಕಬೇಡಿ. ಮೂಲ ವಿಚಾರ ಒಂದೇ: ಮೊದಲು ವಾರಗಟ್ಟಲೆ ಉಸಿರಿಗೆ ತೊಂದರೆಯಾಗದ ವೇಗದಲ್ಲಿ ದೂರ ಓಡು, ಆಮೇಲೆ ಏರು ಹತ್ತು, ವೇಗದ ಓಟ ಕೊನೆಯ ಕೆಲವು ವಾರ ಮಾತ್ರ. ನನ್ನ ಆಯ್ಕೆ 'ರನ್ನಿಂಗ್ ವಿತ್ ಲಿಡಿಯಾರ್ಡ್'. ಅದರಲ್ಲಿ ಯಾವ ಓಟ ಯಾವಾಗ ಅನ್ನೋದರ ಜೊತೆಗೆ ಯಾಕೆ ಅನ್ನೋದೂ ಇದೆ. ಆ 'ಯಾಕೆ' ಬಿಟ್ಟು ಕೊನೆಯ ಚಾರ್ಟ್ ಪೇಜಿನ ಸ್ಕ್ರೀನ್‌ಶಾಟ್ ಮಾತ್ರ ಇಟ್ಕೊಂಡ್ರೆ ಅದು ಪಿಯುಸಿ ಪಾಸಿಂಗ್ ಪ್ಯಾಕೇಜ್ ಇದ್ದ ಹಾಗೆ. ಪ್ರಶ್ನೆ ಸ್ವಲ್ಪ ತಿರುಚಿದ್ರೂ ಗೋವಿಂದ.

ಪ್ರಶ್ನೆ ತಿರುಚೇ ಇರುತ್ತೆ. ಚಾರ್ಟ್ ಬರೆದದ್ದು ಆಕ್ಲೆಂಡಿನ ಹವೆಗೆ. ಜಗಳೂರಿನ ಏಪ್ರಿಲ್ ಬಿಸಿಲಿಗಲ್ಲ, ಸಂಜೆ ತೋಟದಲ್ಲಿ ಅಡಿಕೆ ಗೊನೆ ಹೊತ್ತು ಬಂದ ಹುಡುಗನ ಕಾಲಿಗೂ ಅಲ್ಲ. ಇಂಥಾ ದಿನ ಚಾರ್ಟ್‌ನಲ್ಲಿ ಇಪ್ಪತ್ತು ಕಿ.ಮೀ. ಇದ್ರೆ ಏನು ಮಾಡಬೇಕು? ಕಾರಣ ಗೊತ್ತಿದ್ದವನು ಮಾತಾಡೋಕೆ ಆಗೋ ವೇಗದಲ್ಲಿ ಮುಕ್ಕಾಲು ಗಂಟೆ ಓಡಿ ಮನೆಗೆ ಬರ್ತಾನೆ. ಗೊತ್ತಿಲ್ಲದವನು ಇಪ್ಪತ್ತೂ ಓಡಿ ಮಲಗ್ತಾನೆ. ಡೆರಿವೇಶನ್ ಓದಿದವನಿಗೂ ಫಾರ್ಮುಲಾ ಬಾಯಿಪಾಠ ಮಾಡಿದವನಿಗೂ ಇರೋ ವ್ಯತ್ಯಾಸ, ಅಷ್ಟೇ.

ಲಿಡಿಯಾರ್ಡ್ ಹಳೇ ಕಾಲದವನು, ಜ್ಯಾಕ್ ಡೇನಿಯಲ್ಸ್ ಓದಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. 1998ರಲ್ಲಿ ಮೊದಲು ಬಂದ 'ಡೇನಿಯಲ್ಸ್ ರನ್ನಿಂಗ್ ಫಾರ್ಮುಲಾ' ಒಳ್ಳೇ ಪುಸ್ತಕವೇ. ನಿಮ್ಮ ಒಂದು ರೇಸಿನ ಟೈಮ್ ಕೊಟ್ರೆ ನಿಧಾನದ ಓಟದಿಂದ ಹಿಡಿದು ಇಂಟರ್ವಲ್‌ವರೆಗೆ ಎಲ್ಲದರ ವೇಗ ಟೇಬಲ್‌ನಲ್ಲಿ ಸಿಗುತ್ತೆ. ಎಂಜಿನಿಯರಿಂಗ್‌ನವರಿಗೆ ಟೇಬಲ್ ಕಂಡ್ರೆ ಆಗೋ ಸಂತೋಷ ನಿಮಗೆ ಹೇಳಬೇಕಿಲ್ಲ. ಆದರೆ ಅದು ಎರಡನೇ ಪುಸ್ತಕ. ಆರು ತಿಂಗಳು ಗಾಯವಿಲ್ಲದೆ ಓಡಿದವನು ತಗೊಳ್ಳಲಿ. ಇವತ್ತು ಶುರು ಮಾಡೋನ ಕೈಗೆ ಸೆಕೆಂಡುಗಳ ಟೇಬಲ್ ಕೊಟ್ರೆ ಅವನು ದಿನಾ ಅದನ್ನು ಸೋಲಿಸೋಕೆ ನೋಡ್ತಾನೆ.

ವಾರಕ್ಕೆ 160 ಕಿ.ಮೀ. ಯಾರ ಕೈಲಾಗುತ್ತೆ ಅನ್ನೋ ಪ್ರಶ್ನೆ ನ್ಯಾಯವಾದದ್ದು. ಅದು ಒಲಿಂಪಿಕ್ಸ್‌ಗೆ ಹೋಗೋರ ಲೆಕ್ಕ. ಇದೇ ಲಿಡಿಯಾರ್ಡ್ ಓಟವೇ ಗೊತ್ತಿಲ್ಲದ ನಡುವಯಸ್ಸಿನವರನ್ನೂ ನಿಧಾನಕ್ಕೆ ಓಡಿಸಿದ್ದ. ಅದನ್ನು 1962ರಲ್ಲಿ ಆಕ್ಲೆಂಡಿನಲ್ಲಿ ನೋಡಿದ ಅಮೆರಿಕದ ಕೋಚ್ ಬಿಲ್ ಬವರ್‌ಮನ್ ತನ್ನ ದೇಶಕ್ಕೆ ಜಾಗಿಂಗ್ ಹುಚ್ಚು ಹತ್ತಿಸಿದ. ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬ ಇವನೇ. ಹಾಗಾಗಿ ಪುಸ್ತಕದ ಕಿಲೋಮೀಟರುಗಳನ್ನು ಬಿಟ್ಟು ಕ್ರಮ ಹಿಡ್ಕೊಳ್ಳಿ. ಆ ಕ್ರಮಕ್ಕೆ ನಮ್ಮ ತಾಲ್ಲೂಕುಗಳಲ್ಲಿ ಏನೂ ಕೊರತೆಯಿಲ್ಲ. ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆ ಏರಿ ಇದೆ, ಸಮತಟ್ಟು, ಡಾಂಬರಿಗಿಂತ ಕಾಲಿಗೆ ಹಿತ. ನ್ಯಾಮತಿಯವರಿಗೆ ಏರು ಹತ್ತೋಕೆ ತೀರ್ಥರಾಮೇಶ್ವರದ ಬೆಟ್ಟವೇ ಇದೆ. ಜಗಳೂರಿನವರು ಮಾತ್ರ ಬಿಸಿಲೇರೋ ಮುಂಚೆ ಮುಗಿಸಬೇಕು, ಅಲ್ಲಿ ನೆರಳು ಕಡಿಮೆ.

ಇನ್ನೊಂದು ಮಾತು ತಮ್ಮನಿಗೆ ಹೇಳಿ. 1600 ಮೀಟರ್ ನೋಡೋಕೆ ಚಿಕ್ಕ ಓಟ, ಆದರೆ ಐದಾರು ನಿಮಿಷದ ಆ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೋದು ಆಮ್ಲಜನಕದ ಬಲದಿಂದ. ನಿಧಾನದ ಓಟ ಅವನ ಪರೀಕ್ಷೆಗೇ ಮಾಡೋ ತಯಾರಿ, ಟೈಂಪಾಸ್ ಅಲ್ಲ. ಲಿಡಿಯಾರ್ಡ್ ಪುಸ್ತಕದಲ್ಲಿ ಲೆಕ್ಕ ಮೈಲಿಯಲ್ಲಿದ್ರೆ ಹೆದರಬೇಡಿ, ಒಂದು ಮೈಲಿ ಅಂದ್ರೆ 1609 ಮೀಟರ್, ಹೆಚ್ಚುಕಡಿಮೆ ಅವನ ಪರೀಕ್ಷೆಯ ದೂರವೇ. ರ‍್ಯಾಲಿ ದಿನಾಂಕ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ವಾರಗಳನ್ನು ಎಣಿಸಿ ಕೊಡಿ. ಮೊದಲ ಎಂಟು ಹತ್ತು ವಾರ ಸ್ಟಾಪ್‌ವಾಚ್ ನಿಮ್ಮ ಹತ್ರಾನೇ ಇರಲಿ.