ಕಂಬಳಿ ಹೊದ್ದ ಗೋಡೆಗೆ ಮೆಟ್ಟಿಲು

ಜರ್ಮನಿಯ ಎಷ್ಟೋ ಮನೆಗಳ ಹೊರಗೋಡೆಯನ್ನು ಬೆರಳಿನಿಂದ ತಟ್ಟಿದರೆ ಇಟ್ಟಿಗೆಯ ಗಟ್ಟಿ ಸದ್ದು ಬರುವುದಿಲ್ಲ. ಖಾಲಿ ಡಬ್ಬ ತಟ್ಟಿದಂತೆ ಪೊಳ್ಳು ಸದ್ದು ಬರುತ್ತದೆ. ತೆಳುವಾದ ಗಿಲಾವಿನ ಹಿಂದೆ ಇರುವುದು ನಮ್ಮಲ್ಲಿ ಥರ್ಮೋಕೋಲ್ ಎಂದೇ ಹೆಸರಾದ ಪಾಲಿಸ್ಟೈರೀನ್ ಹಲಗೆ. ಅದರ ದಪ್ಪ 10ರಿಂದ 20 ಸೆಂಟಿಮೀಟರ್. ಅದರೊಳಗೆ ಶೇಕಡ 98 ಭಾಗ ಬರೀ ಗಾಳಿ. ಇಂಥ ಹೊದಿಕೆಯನ್ನು 1957ರಲ್ಲಿ ಬರ್ಲಿನ್ನಿನ ಮನೆಯೊಂದಕ್ಕೆ ಮೊದಲು ಹೊದಿಸಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಕೈ ಸುಟ್ಟುಕೊಂಡ ಸರಕಾರ, ಕಟ್ಟಡಗಳ ಶಾಖ ಉಳಿಸಲೆಂದು 1977ರಲ್ಲಿ ನಿಯಮವನ್ನೇ ಮಾಡಿತು. ಅಲ್ಲಿಂದ ಮುಂದೆ ಗೋಡೆಗೆ ಕಂಬಳಿ ಹೊದಿಸುವುದು ಮನೆಮಾತಾಯಿತು.

ತೊಡಕು ಶುರುವಾಗುವುದು ಹೊದಿಕೆಯೆಲ್ಲ ಮುಗಿದ ಮೇಲೆ, ಹಿತ್ತಿಲ ಬಾಗಿಲಿನಿಂದ ತೋಟಕ್ಕಿಳಿಯಲು ನಾಲ್ಕು ಮೆಟ್ಟಿಲು ಬೇಕೆಂದು ಮನೆಯಾತನಿಗೆ ಅನ್ನಿಸಿದಾಗ. ಥರ್ಮೋಕೋಲ್ ಮೆತ್ತಗಿರುತ್ತದೆ, ಭಾರ ತಾಳದು. ಹಾಗಾಗಿ ಅಷ್ಟಗಲ ಹೊದಿಕೆಯನ್ನು ಕೊಯ್ದು ತೆಗೆದು, ಕಾಂಕ್ರೀಟನ್ನು ನೇರವಾಗಿ ಇಟ್ಟಿಗೆಗೇ ಸೇರಿಸಿ ಸುರಿಯುವುದು ಸುಲಭವಾಗಿ ಕಾಣುತ್ತದೆ. ಗಟ್ಟಿಯೂ ಹೌದು. ಆದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ ಶಾಖ ಹರಿಯುವುದು ಥರ್ಮೋಕೋಲಿಗಿಂತ ಸುಮಾರು 60 ಪಟ್ಟು ಸಲೀಸು. ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಲೋಹದ ರೆಕ್ಕೆಗಳಿರುತ್ತವಲ್ಲ, ಎಂಜಿನ್ನಿನ ಬಿಸಿಯನ್ನು ಗಾಳಿಗೆ ಚೆಲ್ಲಲು? ಚಳಿಗಾಲದಲ್ಲಿ ಈ ಮೆಟ್ಟಿಲು ಮಾಡುವುದೂ ಅದೇ ಕೆಲಸ.

ಪೋಲಾಗುವ ಇಂಧನವೇ ದೊಡ್ಡ ನಷ್ಟವಲ್ಲ. ಮೆಟ್ಟಿಲಿನ ನೇರಕ್ಕೆ ಒಳಗೋಡೆಯ ಮೂಲೆ ತಣ್ಣಗಾಗುತ್ತದೆ. ಕೋಣೆಯ ಗಾಳಿ 20 ಡಿಗ್ರಿ ಸೆಲ್ಸಿಯಸ್, ಅದರ ತೇವಾಂಶ ಶೇಕಡ 50 ಎಂದುಕೊಳ್ಳಿ. ಗೋಡೆಯ ಮೈ ಸುಮಾರು 9 ಡಿಗ್ರಿಗೆ ಇಳಿದರೆ ಅದರ ಮೇಲೆ ನೀರಹನಿ ಕೂರುತ್ತದೆ. ಬೂಷ್ಟಿಗೆ ಅಷ್ಟು ಚಳಿಯೂ ಬೇಡ, 12.6 ಡಿಗ್ರಿಯಲ್ಲೇ ಗೋಡೆಗೆ ತಾಗಿದ ಗಾಳಿಯ ತೇವಾಂಶ ಶೇಕಡ 80 ಮುಟ್ಟಿ, ಬೂಷ್ಟು ಬೇರೂರಲು ಸಾಕಾಗುತ್ತದೆ. ಬೀರುವಿನ ಹಿಂದೆ ಕಪ್ಪು ಕಲೆ ಕಂಡಾಗ ಮನೆಯವರು ಸೂರು ಸೋರುತ್ತಿದೆಯೇ ಎಂದು ಮೇಲೆ ನೋಡುತ್ತಾರೆ. ಕಳ್ಳ ಕೆಳಗೆ, ಹೊರಗೆ ಇರುತ್ತಾನೆ.

ಹಾಗಾದರೆ ಹೊದಿಕೆಯನ್ನು ಕೊಯ್ಯದೆ, ಗಿಲಾವಿಗೆ ಒತ್ತಿಕೊಂಡೇ ಮೆಟ್ಟಿಲು ಎರಕ ಹೊಯ್ದರೆ? ಆಗ ಶತ್ರು ನೀರು. ನೆಲಕ್ಕೆ ಬಿದ್ದ ಮಳೆಹನಿ ಸಿಡಿದು ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ಗೋಡೆಯನ್ನು ತೋಯಿಸುತ್ತದೆ. ಅದಕ್ಕೇ ಗೋಡೆಯ ಬುಡಕ್ಕೆ ನೀರು ಹೀರದ, ಹೆಚ್ಚು ಗಟ್ಟಿಯಾದ ಬೇರೆ ಜಾತಿಯ ಪಾಲಿಸ್ಟೈರೀನ್ ಹಾಕುತ್ತಾರೆ. ಹಲವರು ಮರೆಯುವುದು ಇಲ್ಲೇ: ಮೆಟ್ಟಿಲು ಕಟ್ಟಿದರೆ ಪ್ರತಿ ಮೆಟ್ಟಿಲೂ ಒಂದೊಂದು ಹೊಸ ನೆಲ. ಗೋಡೆಯ ‘ಬುಡ’ ಮೆಟ್ಟಿಲಿನ ಜೊತೆಗೇ ಮೇಲೇರುತ್ತದೆ, ನೀರು ತಡೆಯುವ ಲೇಪವೂ ಏರಬೇಕು. ಇಲ್ಲವಾದರೆ ಸಂದಿಗಿಳಿದ ನೀರು ಒಣಗದೆ ನಿಂತು, ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗಿ ಗಿಲಾವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ.

ಇನ್ನು ಮಣ್ಣಿನ ಸಂಗತಿ. ಅಲ್ಲಿನ ಹಲವು ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಅದಕ್ಕಾಗಿ ತೋಡಿದ ಹಳ್ಳವನ್ನು ಮನೆ ಎದ್ದಮೇಲೆ ಮುಚ್ಚುತ್ತಾರೆ. ಮೆಟ್ಟಿಲು ನಿಲ್ಲುವುದು ಸರಿಯಾಗಿ ಆ ತುಂಬಿದ ಮಣ್ಣಿನ ಮೇಲೆ. ಮಣ್ಣು ವರ್ಷಗಟ್ಟಲೆ ಕುಸಿಯುತ್ತದೆ, ಮನೆ ಕುಸಿಯುವುದಿಲ್ಲ. ಗೋಡೆಗೆ ಅಂಟಿದ ಮೆಟ್ಟಿಲು ಕೆಳಗಿಳಿಯುತ್ತ ಗಿಲಾವನ್ನು ಕಿತ್ತುಕೊಂಡೇ ಹೋಗುತ್ತದೆ.

ಆದ್ದರಿಂದ ಬಲ್ಲ ಗಾರೆಯವನು ಮೆಟ್ಟಿಲನ್ನು ಅದರದೇ ಕಾಲ ಮೇಲೆ ನಿಲ್ಲಿಸುತ್ತಾನೆ. ಪಾಯವನ್ನು ಹಿಮ ಮುಟ್ಟದ ಆಳಕ್ಕೆ, ಸಾಮಾನ್ಯವಾಗಿ 80 ಸೆಂಟಿಮೀಟರಿಗೆ ಒಯ್ಯುತ್ತಾನೆ. ತುಂಬಿದ ಮಣ್ಣಾದರೆ ಅದನ್ನು ದಾಟಿ ಗಟ್ಟಿ ನೆಲ ಸಿಗುವವರೆಗೆ. ಗೋಡೆಗೂ ಮೆಟ್ಟಿಲಿಗೂ ನಡುವೆ ಕೈ ಆಡುವಷ್ಟು ಸಂದು ಬಿಡುತ್ತಾನೆ, ಮೆಟ್ಟಿಲಿನ ಮೇಲ್ಮೈಗೆ ಗೋಡೆಯಿಂದ ಆಚೆಗೆ ತುಸು ಇಳಿಜಾರು ಕೊಡುತ್ತಾನೆ. ಕಾಲಿಗೆ ಜಾಲರಿಯಂಥ ಉಕ್ಕಿನ ಮೆಟ್ಟಿಲಾದರೆ ಇನ್ನೂ ಒಳಿತು. ನೀರು ನಿಲ್ಲುವುದೇ ಇಲ್ಲ, ಸಿಡಿಯುವುದೂ ಕಡಿಮೆ. ಆದರೆ ಅದನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಯುವ ಆಸೆ ಬೇಡ. ಉಕ್ಕಿನಲ್ಲಿ ಶಾಖದ ಓಟ ಥರ್ಮೋಕೋಲಿನ ಸಾವಿರ ಪಟ್ಟಿಗೂ ಹೆಚ್ಚು.

ಸಂದಿನಲ್ಲಿ ಬೀಗದಕೈ ಬೀಳುತ್ತದೆ, ಎಲೆ ತುಂಬುತ್ತದೆ ಎಂಬ ಗೊಣಗಾಟ ಇದ್ದದ್ದೇ. ಎತ್ತಿ ತೆಗೆಯಬಹುದಾದ ಒಂದು ತಂತಿಜಾಲರಿ ಮುಚ್ಚಿ, ಎಲೆ ಉದುರುವ ಕಾಲ ಕಳೆದಮೇಲೆ ಒಮ್ಮೆ ಗುಡಿಸಿದರಾಯಿತು.