ನಾಲ್ಕು ಚಾನೆಲ್ಲಿಗೆ ಮೊದಲು ಒಂದು ಫ್ಯೂಸು

ನಂಜನಗೂಡಿನ ದೊಡ್ಡ ಜಾತ್ರೆಗೋ, ಸುತ್ತೂರಿನ ಜಾತ್ರೆಗೋ, ತಿರುಮಕೂಡಲಿನ ಸಂಗಮಸ್ನಾನಕ್ಕೋ ಹದಿನಾರು ಎಂಬ ಊರಿನ ಸುತ್ತಣ ಗ್ರಾಮಗಳಿಂದ ಹೊರಡುವ ಕಾರುಗಳಲ್ಲಿ ಹಾಡಿಲ್ಲದೆ ಸಾಗುವಂಥವು ಈಗ ವಿರಳ. ಅದನ್ನು ಆಕ್ಷೇಪಿಸುವ ಇಚ್ಛೆ ನನಗಿಲ್ಲ. ನಂಜುಂಡನ ದರ್ಶನಕ್ಕೆ ಹಾಡು ಕೇಳುತ್ತ ಹೋದವನ ಪುಣ್ಯವೇನೂ ಕುಂದದು. ಆದರೆ ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರಿಗೆ ಸಹಸ್ರಾರು ರೂಪಾಯಿಗಳನ್ನು ಮರುಮಾತಿಲ್ಲದೆ ತೆರುವವರೇ, ಅದಕ್ಕೆ ಎಳೆಯತಕ್ಕ ತಂತಿಯ ಪ್ರಸ್ತಾಪ ಬಂದೊಡನೆ ಚೌಕಾಸಿಗೆ ಇಳಿಯುವರಲ್ಲ, ಆ ವೈಪರೀತ್ಯವನ್ನು ಕುರಿತು ಹೇಳಲೇಬೇಕಾದುದು ಕೆಲವಿದೆ.

ಮನೆಯ ವಿದ್ಯುತ್ತು 230 ವೋಲ್ಟಿನದು; ಕಾರಿನದು, ಎಂಜಿನ್ ಓಡುತ್ತಿರುವಾಗಲೂ, 14ರ ಆಸುಪಾಸು. ಚಾನೆಲ್ಲೊಂದಕ್ಕೆ 50ರಂತೆ ಒಟ್ಟು 200 ವಾಟು ಹೊರಡಿಸಬೇಕಾದರೆ, ಸೆಳೆದುದರಲ್ಲಿ ಅರ್ಧವನ್ನು ಶಾಖವಾಗಿ ಕಳೆಯುವ ಎಬಿ ವರ್ಗದ ಆಂಪ್ಲಿಫೈಯರಿಗೆ 400 ವಾಟು ಒದಗಬೇಕು. ಮನೆಯಲ್ಲಿ 2 ಆಂಪಿಯರಿಗೂ ಕಡಮೆ ಪ್ರವಾಹದಿಂದ ನೆರವೇರುವ ಈ ಕಾರ್ಯಕ್ಕೆ ಕಾರಿನಲ್ಲಿ ಸುಮಾರು 30 ಆಂಪಿಯರು ಹರಿಯಬೇಕಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವಂಥದು. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ಅಗ್ಗದ ತಂತಿ ಅಷ್ಟೇ ದಪ್ಪದ ಶುದ್ಧ ತಾಮ್ರದ ಮೂರರಲ್ಲಿ ಸುಮಾರು ಎರಡು ಪಾಲಿನಷ್ಟು ಮಾತ್ರ ವಿದ್ಯುದ್ವಾಹಕವೆಂಬುದನ್ನು ಕೊಳ್ಳುವವನಿಗೆ ಯಾರೂ ತಿಳಿಸುವುದಿಲ್ಲ.

ಇದಕ್ಕಿಂತಲೂ ಗುರುತರವಾದುದು ಫ್ಯೂಸಿನ ಪ್ರಶ್ನೆ. ಆಂಪ್ಲಿಫೈಯರಿನ ಮೈಯಲ್ಲೇ ಫ್ಯೂಸಿರುವಾಗ ಮತ್ತೊಂದೇಕೆ ಎನ್ನುವವರು, ಅದು ಕಾಯುವುದು ಆಂಪ್ಲಿಫೈಯರನ್ನೇ ಹೊರತು ಬ್ಯಾಟರಿಯಿಂದ ಡಿಕ್ಕಿಯವರೆಗೆ ಹಾಸಿದ ತಂತಿಯನ್ನಲ್ಲವೆಂಬುದನ್ನು ಮರೆಯುತ್ತಾರೆ. ಎಂಜಿನ್ನಿಗೂ ಒಳಾಂಗಣಕ್ಕೂ ನಡುವಣ ತಗಡಿಗೆ ರಂಧ್ರ ಕೊರೆದು, ಅದರ ಅಂಚಿಗೆ ರಬ್ಬರಿನ ಬಳೆಯನ್ನು ಕೂರಿಸದೆ ಕೆಂಪು ತಂತಿಯನ್ನು ತೂರಿಸಿಬಿಟ್ಟರೆ, ಹಳ್ಳದಿಣ್ಣೆಯ ದಾರಿಯಲ್ಲಿ ದಿನವೂ ಅಲುಗುವ ಆ ಹರಿತವಾದ ತಗಡು ತಂತಿಯ ಹೊದಿಕೆಯನ್ನು ಸವೆಸುತ್ತ ಬಂದು, ಒಂದು ದಿನ ತಾಮ್ರವನ್ನೇ ಮುಟ್ಟುವುದು. ಆಗ ನೂರಾರು ಆಂಪಿಯರು ಆ ಒಂದೇ ಬಿಂದುವಿನಲ್ಲಿ ಹರಿದು ತಂತಿ ಕೆಂಪಗೆ ಕಾದು, ಹತ್ತಿರದ ಕಾರ್ಪೆಟ್ಟು ಹೊತ್ತಿಕೊಳ್ಳುವುದು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ, ತಂತಿಯ ದಪ್ಪಕ್ಕೆ ತಕ್ಕ ಫ್ಯೂಸೊಂದಿದ್ದರೆ ಅದು ಕ್ಷಣಮಾತ್ರದಲ್ಲಿ ಕರಗಿ ಈ ಅನಾಹುತವನ್ನು ತಡೆಯುತ್ತಿತ್ತು.

ಉಳಿದ ದೋಷಗಳು ಪ್ರಾಣಾಪಾಯದವಲ್ಲ, ಕಿವಿಗೆ ಮಾತ್ರ ಕಷ್ಟ. ಆಕ್ಸಿಲರೇಟರ್ ತುಳಿದಂತೆಲ್ಲ ಸ್ಪೀಕರಿನಲ್ಲಿ ಕೀರಲು ಏರುತ್ತಿದ್ದರೆ, ಬಣ್ಣ ಕೆರೆಯದೆ ಕಾರಿನ ಮೈಗೆ ಕೊಟ್ಟ ಅರ್ತಿಂಗನ್ನು ಮೊದಲು ಶಂಕಿಸಬೇಕು. ಹಾಡಿನ ಸಂಕೇತವನ್ನು ಆಂಪ್ಲಿಫೈಯರಿಗೆ ಒಯ್ಯುವ ಆರ್‌ಸಿಎ ವೈರನ್ನು ಪವರ್ ವೈರಿನ ಜೊತೆಗೇ ಎಳೆದಿದ್ದರೆ ಅದನ್ನು ಕಾರಿನ ಮತ್ತೊಂದು ಪಕ್ಕಕ್ಕೆ ಸರಿಸಬೇಕು. ಎರಡು ಚಾನೆಲ್ಲುಗಳನ್ನು ಬ್ರಿಡ್ಜ್ ಮಾಡಿ, ಎಂದರೆ ಒಂದಾಗಿಸಿ, ವೂಫರ್ ಕೂಡಿಸುವ ಆತುರದಲ್ಲಿ 4 ಓಮಿನ ಮಿತಿಯುಳ್ಳ ಆಂಪ್ಲಿಫೈಯರಿಗೆ 2 ಓಮಿನ ಭಾರ ಹೊರಿಸುವುದೂ ಉಂಟು. ಹೊರಗಿನವರ ಕಿವಿಯ ಮಾತೂ ಇದೆಯಷ್ಟೆ: 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ಲಿನ ಮಿತಿ ಹಾಕಿವೆ, ಮಂಗೋಲಿಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಬಂದು ಹದಿನಾರಿನ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳಿಗೆ ನಮ್ಮ ವೂಫರಿನ ಅಭಿರುಚಿ ಇರಲಾರದು.

ಆದುದರಿಂದ ಕಾರಿಗೆ ಆಂಪ್ಲಿಫೈಯರ್ ಹಾಕಿಸುವ ತರುಣರಲ್ಲಿ ನನ್ನ ವಿನಂತಿ ಇಷ್ಟೆ: ಹಣ ಕೊಡುವ ಮುನ್ನ ಬಾನೆಟ್ ತೆಗೆಸಿ, ಬ್ಯಾಟರಿಯ ಪಕ್ಕದ ಫ್ಯೂಸನ್ನೂ ತಗಡಿನ ರಂಧ್ರದ ರಬ್ಬರನ್ನೂ ಕಣ್ಣಾರೆ ನೋಡಿ, ಎರಡರಲ್ಲೊಂದು ಇಲ್ಲದಿದ್ದರೂ ಹಾಕಿಸಿಕೊಂಡೇ ಹೊರಡಿ.