ದೋಣಿಗೂ ಒಂದು ಸ್ಟೆಪ್ನಿ ಬೇಕಲ್ಲ? ಮಲಪ್ರಭೆ ದಂಡೆಯಲ್ಲಿ ಎರಡನೇ ಹುಟ್ಟಿನ ಲೆಕ್ಕ

ಬೈಲಹೊಂಗಲ ಪೇಟೆಯಿಂದ ರಾಮದುರ್ಗಕ್ಕೆ ಮಾಲು ಹೇರಿಕೊಂಡು ಹೊರಡುವ ಗಾಡಿಯವರು ಮೊದಲು ನೋಡೋದು ಸ್ಟೆಪ್ನಿ. ದಿನಾ ಪಂಕ್ಚರ್ ಆಗ್ತದೆ ಅಂತಲ್ಲ, ಆದ ದಿನ ನಡುದಾರಿಯಲ್ಲಿ ಕೈಕಟ್ಟಿ ನಿಲ್ಲಬಾರದು ಅಂತ. ನೀರಿಗಿಳಿಯುವಾಗ ಮಾತ್ರ ಈ ಬುದ್ಧಿ ಮರೆತುಹೋಗುತ್ತದೆ. ಒಂದು ದೋಣಿ, ಒಂದೇ ಹುಟ್ಟು. ಅದು ಮುರಿದರೆ, ಕೈಜಾರಿ ಹೋದರೆ? ಕೆಟ್ಟ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಬಹುದು. ಹುಟ್ಟಿಲ್ಲದ ದೋಣಿ ನಿಲ್ಲುವುದಿಲ್ಲ, ನೀರು ಮತ್ತು ಗಾಳಿ ಕರೆದಲ್ಲಿಗೆ ಹೋಗುತ್ತದೆ.

ಈಗ ಈ ಮಾತು ಯಾಕೆ?

ಸವದತ್ತಿ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಗುಡ್ಡಕ್ಕೆ ಬರುವ ಜನ ಹೆಚ್ಚಿದರೆ ಪಕ್ಕದಲ್ಲೇ ಇರುವ ನವಿಲುತೀರ್ಥದ ರೇಣುಕಾಸಾಗರಕ್ಕೂ ಬರುತ್ತಾರೆ. ನೀರು ಕಂಡವರಿಗೆ ದೋಣಿಯ ಆಸೆ ಹುಟ್ಟೋದು ಸಹಜ. ಗರಿಷ್ಠ ಮಟ್ಟ 2079.50 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಇದು ಕೆರೆಯಲ್ಲ, ತುಂಬಿದಾಗ ಸಣ್ಣ ಸಮುದ್ರವೇ.

ಮೀನು ಹಿಡಿಯುವವರು ಸಾಮಾನ್ಯವಾಗಿ ಬಳಸುವ ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಅದನ್ನು ನೆಟ್ಟಗೆ ಒಯ್ಯುವುದು ಹುಟ್ಟು ಮತ್ತು ಅದನ್ನು ಹಿಡಿದ ಕೈ, ಎರಡೇ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಜಲಾಶಯದ ನೀರು ಹರಡಿರುವುದು ಅಣೆಕಟ್ಟಿನ ಪಶ್ಚಿಮಕ್ಕೆ. ಅಂದರೆ ಹುಟ್ಟು ಕಳೆದುಕೊಂಡ ಹರಿಗೋಲನ್ನು ಗಾಳಿ ತಳ್ಳುವುದು ಹೆಚ್ಚಾಗಿ ಅಣೆಕಟ್ಟಿನ ದಿಕ್ಕಿಗೇ. ಗೇಟು ತೆರೆದ ದಿನ ಅದಕ್ಕಿಂತ ಕೆಟ್ಟ ದಿಕ್ಕು ಮತ್ತೊಂದಿಲ್ಲ.

ಕಡಲಿನವರ ರೂಢಿ

ಸಮುದ್ರದಲ್ಲಿ ಕಯಾಕ್ ನಡೆಸುವವರು ಈ ಪಾಠವನ್ನು ಮೊದಲೇ ಕಲಿತಿದ್ದಾರೆ. ಕಯಾಕ್ ಅಂದರೆ ಒಬ್ಬಿಬ್ಬರು ಕೂರುವ ಉದ್ದನೆಯ ಕಿರುದೋಣಿ, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುತ್ತಾರೆ. ದೂರ ಹೋಗುವಾಗ ಎರಡು ತುಂಡಾಗುವ ಇನ್ನೊಂದು ಹುಟ್ಟನ್ನು ಒಯ್ಯುತ್ತಾರೆ. ಗುಂಪಿನಲ್ಲಿ ಹೋದರೆ ಕನಿಷ್ಠ ಒಂದಾದರೂ ಹೆಚ್ಚುವರಿ ಇರಲೇಬೇಕು ಎಂಬುದು ಅವರ ರೂಢಿ.

ಅದನ್ನು ಇಡುವ ಜಾಗಕ್ಕೂ ಲೆಕ್ಕವಿದೆ. ದೋಣಿಯ ಹೊಟ್ಟೆಯೊಳಗಲ್ಲ, ಮೇಲ್ಭಾಗದಲ್ಲಿ, ಕುಳಿತಲ್ಲಿಂದಲೇ ಕೈಗೆ ಸಿಗುವಂತೆ ರಬ್ಬರ್ ಹಗ್ಗದಡಿ ಸಿಕ್ಕಿಸುತ್ತಾರೆ. ಅಲೆ ಹೊಡೆಯುವಾಗ ಮುಚ್ಚಳ ತೆಗೆದು ಹುಡುಕುತ್ತ ಕೂರಲು ಆಗದು. ಶಾಂತ ನೀರಿನಲ್ಲಿ ಅದನ್ನು ಎಳೆದು ಜೋಡಿಸಿ ಅಭ್ಯಾಸವನ್ನೂ ಮಾಡಿಕೊಳ್ಳುತ್ತಾರೆ.

ಎಂಜಿನ್ ಇದ್ದರೆ ಸಾಕೇ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಮನೆ-ಅಂಗಡಿಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ಅಂಥ ನೀರಿನಲ್ಲಿ ಬೇಲಿಯ ತಂತಿ, ಕಬ್ಬಿನ ಸೋಗೆ, ಬಟ್ಟೆ, ಕೊಂಬೆ ಎಲ್ಲ ತೇಲುತ್ತವೆ. ಎಂಜಿನ್ನಿನ ಫ್ಯಾನಿಗೆ ಒಂದು ಸುತ್ತಿಕೊಂಡರೂ ಅದು ನಿಲ್ಲುತ್ತದೆ. ರಕ್ಷಣಾ ಪಡೆಯವರ ರಬ್ಬರ್ ದೋಣಿಯಲ್ಲಿ ಎಂಜಿನ್ ಜೊತೆ ಹುಟ್ಟುಗಳೂ ಇರುವುದು ಇದಕ್ಕೇ.

ಅದೇ ವಾರ, ಆಗಸ್ಟ್ 8ರಂದು, ಪಕ್ಕದ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಲು ಹೊರಟವರ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮಿತಿ ಮೀರಿ ಜನ ಹತ್ತಿದ್ದರು, ಫ್ಯಾನಿಗೆ ಕೊಂಬೆ ಸಿಕ್ಕಿತ್ತು ಎಂದು ಆಗಿನ ವರದಿಗಳು ಹೇಳಿದ್ದವು. ಹೆಚ್ಚುವರಿ ಹುಟ್ಟು ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ಹೇಳಲು ಬರುವುದಿಲ್ಲ. ಜನರ ಮಿತಿ ಮತ್ತು ಲೈಫ್ ಜಾಕೆಟ್ ಮೊದಲು, ಹುಟ್ಟು ಆಮೇಲೆ. ಆದರೆ ಎಂಜಿನ್ ಒಂದನ್ನೇ ನಂಬಿದ ದೋಣಿಗೆ ಎರಡನೇ ದಾರಿ ಇರುವುದಿಲ್ಲ ಎಂಬುದಂತೂ ಸ್ಪಷ್ಟ.

ಮಾಡಬೇಕಾದ್ದು ಏನು?

2021ರ ಒಳನಾಡು ಹಡಗು ಕಾಯ್ದೆಯಲ್ಲಿ ಎಂಜಿನ್ ಇಲ್ಲದ ದೋಣಿಗಳನ್ನು ಜಿಲ್ಲೆ, ತಾಲೂಕು, ಪಂಚಾಯತಿ ಮಟ್ಟದಲ್ಲೇ ದಾಖಲಿಸುವ ಅವಕಾಶವಿದೆ. ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿ, ಕಾದರವಳ್ಳಿಯಿಂದ ಹಿಡಿದು ರಾಮದುರ್ಗದವರೆಗೆ ಹೊಳೆದಂಡೆಯ ಪಂಚಾಯತಿಗಳು ಮಳೆಗಾಲಕ್ಕೆ ಮುಂಚೆ ದೋಣಿಗಳ ಪಟ್ಟಿ ಮಾಡುವಾಗ ಒಂದು ಕಾಲಂ ಹೆಚ್ಚಿಗೆ ಹಾಕಿದರೆ ಸಾಕು: ‘ಹೆಚ್ಚುವರಿ ಹುಟ್ಟು ಇದೆಯೋ, ಇಲ್ಲವೋ.’

ಹರಿಗೋಲಿನಲ್ಲಿ ಜಾಗ ಎಲ್ಲಿದೆ ಅಂತ ಕೇಳುವವರೂ ಇರುತ್ತಾರೆ. ಬಲೆ, ಮೀನು ತುಂಬಿದ ಮೇಲೆ ಇಕ್ಕಟ್ಟಾಗೋದು ನಿಜ. ಅದಕ್ಕೇ ಗಿಡ್ಡ ಹುಟ್ಟೊಂದನ್ನು ಅಂಚಿಗೆ ಬಿಗಿಯಾಗಿ ಕಟ್ಟಬೇಕು, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಬೇಕು. ಕಾಲಡಿ ಹಗ್ಗ ಚೆಲ್ಲಾಪಿಲ್ಲಿ ಬಿದ್ದರೆ ಅದೇ ಇನ್ನೊಂದು ಅಪಾಯ. ಖರ್ಚಿನ ಮಾತು ಬಂದರೆ, ಊರ ಬಡಿಗ ಮಾಡಿಕೊಡುವ ಮರದ ಹುಟ್ಟಿನ ಬೆಲೆ ಎಂಜಿನ್ನಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಮುಂದೆ ಜಲಾಶಯದಲ್ಲಿ ಯಾರಾದರೂ ಬೋಟಿಂಗ್ ಗುತ್ತಿಗೆ ಹಿಡಿದರೆ ಕರಾರಿನಲ್ಲೇ ಈ ಸಾಲು ಇರಲಿ. ಅಲ್ಲಿಯವರೆಗೆ ಮನೆಮಂದಿಯನ್ನು ದೋಣಿಗೆ ಹತ್ತಿಸುವವರು ದಂಡೆಯ ಮೇಲೇ ಕೇಳಲಿ: ‘ಅಣ್ಣಾ, ಇನ್ನೊಂದು ಹುಟ್ಟು ಐತೇನು?’ ಇಲ್ಲ ಅಂದರೆ ಇಳಿದುಬಿಡುವುದು ಲೇಸು. ನಡುನೀರಿಗೆ ಹೋದ ಮೇಲೆ ಆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ.